ಕುಟುಂಬ ಸಮೇತ ವಿದೇಶಕ್ಕೆ ಹೊರಡುವ ಮುನ್ನ: ಯಾರಿಗೆ, ಎಷ್ಟನೆಯ ವರ್ಷಕ್ಕೆ, ಎಷ್ಟು ಒಳ್ಳೆಯದು

ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿರುವ ನಮ್ಮ ಮನೆಗೆ ವರ್ಷಕ್ಕೆ ಏಳೆಂಟು ಕುಟುಂಬಗಳಾದರೂ ಒಂದೇ ಪ್ರಶ್ನೆ ಹೊತ್ತು ಬರುತ್ತವೆ. ನಾವು 2016ರಲ್ಲಿ ಇಬ್ಬರು ಮಕ್ಕಳೊಂದಿಗೆ ಕೆನಡಾಕ್ಕೆ ಹೋಗಿ, ಟೊರಾಂಟೊ ಸಮೀಪದ ಊರೊಂದರಲ್ಲಿ ಆರು ವರ್ಷ ಇದ್ದು, 2022ರಲ್ಲಿ ಹಿಂದಿರುಗಿದವರು ಎಂಬುದು ನೆಂಟರಿಗೂ ನನ್ನ ಹಳೆಯ ವಿದ್ಯಾರ್ಥಿಗಳಿಗೂ ತಿಳಿದಿರುವುದರಿಂದ, "ಮೇಡಂ, ಹೋದರೆ ಜೀವನ ಸುಧಾರಿಸುತ್ತದೆಯೇ?" ಎಂದು ಅವರು ಕೇಳುತ್ತಾರೆ. ಹೌದು ಎಂದಾಗಲಿ ಅಲ್ಲ ಎಂದಾಗಲಿ ನಾನು ಇದುವರೆಗೆ ಉತ್ತರಿಸಿಲ್ಲ. ನಮ್ಮ ಮನೆಯೊಂದರಲ್ಲೇ ಆ ಪ್ರಶ್ನೆಗೆ ಐದು ಜನರಿಂದ ಐದು ಉತ್ತರಗಳಿವೆ. ನನ್ನ ಯಜಮಾನರಿಗೆ ಆ ಆರು ವರ್ಷ ವೃತ್ತಿಯಲ್ಲಿ ಅತ್ಯುತ್ತಮವಾದುವು. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ನನಗೆ ಅವು ಪಾಠ ಮಾಡದೆ ಕಳೆದ ವರ್ಷಗಳು. ಹನ್ನೆರಡರ ವಯಸ್ಸಿನಲ್ಲಿ ಹೋದ ಮಗ ಅಲ್ಲೇ ವಿಶ್ವವಿದ್ಯಾಲಯ ಸೇರಿ ನೆಲೆ ನಿಂತ. ನಾಲ್ಕರಲ್ಲಿ ಹೋದ ಮಗಳು ಹತ್ತರಲ್ಲಿ ಹಿಂದಿರುಗಿ ಒತ್ತಕ್ಷರಗಳನ್ನು ಮೊದಲಿನಿಂದ ಕಲಿತಳು. ಈ ಮನೆಯಲ್ಲಿ ಒಬ್ಬರೇ ಉಳಿದ ಅತ್ತೆಯವರು ಆ ಕಾಲದ ಬಗ್ಗೆ ಇಂದಿಗೂ ಹೆಚ್ಚು ಮಾತಾಡುವುದಿಲ್ಲ.

ಆದ್ದರಿಂದ ದೇಶ ದೇಶಗಳನ್ನು ಹೋಲಿಸುವ ಮೊದಲು ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಹಾಳೆ ತೆಗೆದಿಡಬೇಕು ಎಂಬುದು ನನ್ನ ಸಲಹೆ. ಪ್ರತಿ ಹಾಳೆಯಲ್ಲಿ ಎರಡನೆಯ ವರ್ಷ, ಏಳನೆಯ ವರ್ಷ ಮತ್ತು ಹದಿನೈದನೆಯ ವರ್ಷ ಎಂಬ ಮೂರು ಚೌಕಗಳಿರಲಿ. ಎರಡನೆಯ ವರ್ಷದಲ್ಲಿ ಉಳಿತಾಯ ಕರಗಿರುತ್ತದೆ, ಆದರೆ ಹೊಸ ಊರಿನ ಹುರುಪು ಇನ್ನೂ ಇರುತ್ತದೆ. ಏಳನೆಯ ವರ್ಷದ ಹೊತ್ತಿಗೆ ಪೌರತ್ವದ ಪ್ರಶ್ನೆ ಎದುರಾಗುತ್ತದೆ. ಹದಿನೈದನೆಯ ವರ್ಷದಲ್ಲಿ ಮಕ್ಕಳು ತಮ್ಮ ನಿರ್ಧಾರಗಳನ್ನು ತಾವೇ ಮಾಡುತ್ತಿರುತ್ತಾರೆ, ಹಿರಿಯರು ಹಾಸಿಗೆ ಹಿಡಿದಿರಬಹುದು. ನಾವು ಹೊರಟಾಗ ಎರಡನೆಯ ವರ್ಷವನ್ನು ಮಾತ್ರ ಲೆಕ್ಕ ಹಾಕಿದ್ದೆವು.

ಆಯ್ಕೆಗಳು ಎಷ್ಟು?

"ಹೋಗುವುದೋ ಇರುವುದೋ" ಎಂದು ಕೇಳುವವರು ಹತ್ತಾರು ಆಯ್ಕೆಗಳನ್ನು ಎರಡಕ್ಕೆ ಇಳಿಸಿಬಿಟ್ಟಿರುತ್ತಾರೆ. ವಿದೇಶ ಎಂಬುದು ಒಂದೇ ವಸ್ತುವಲ್ಲ. ಕೆನಡಾ ಮತ್ತು ಆಸ್ಟ್ರೇಲಿಯಾ ವಯಸ್ಸು, ಓದು, ಅನುಭವಗಳಿಗೆ ಕೊಡುವ ಅಂಕಗಳ ಆಧಾರದ ಮೇಲೆ ಇಡೀ ಕುಟುಂಬವನ್ನು ಖಾಯಂ ನಿವಾಸಿಗಳಾಗಿ ಕರೆಸಿಕೊಳ್ಳುತ್ತವೆ. ಜರ್ಮನಿ ಮೊದಲು ಉದ್ಯೋಗ ಕೊಟ್ಟು ಆಮೇಲೆ ಖಾಯಂ ನಿವಾಸ ಕೊಡುತ್ತದೆ. ಪದವೀಧರ ನೌಕರರಿಗೆ ಕೊಡುವ ಅಲ್ಲಿನ ನೀಲಿ ಕಾರ್ಡ್ ಎಂಬ ಕೆಲಸ ಮತ್ತು ವಾಸದ ಪರವಾನಗಿ ಪಡೆದವರು ಆರಂಭಿಕ ಮಟ್ಟದ ಜರ್ಮನ್ ಬಲ್ಲವರಾದರೆ 27 ತಿಂಗಳಿಗೆ, ಮಧ್ಯಮ ಮಟ್ಟದ ಜರ್ಮನ್ ಬಲ್ಲವರಾದರೆ 21 ತಿಂಗಳಿಗೆ ಖಾಯಂ ನಿವಾಸಕ್ಕೆ ಅರ್ಹರಾಗುತ್ತಾರೆ. ಅಮೆರಿಕ ಸಂಬಳ ಹೆಚ್ಚು ಕೊಟ್ಟರೂ ಭಾರತದಲ್ಲಿ ಹುಟ್ಟಿದವರಿಗೆ ಗ್ರೀನ್ ಕಾರ್ಡ್ ಎಂಬ ಖಾಯಂ ನಿವಾಸದ ಸಾಲು ದಶಕಗಳಷ್ಟು ಉದ್ದವಿದೆ. ಕೊಲ್ಲಿ ದೇಶಗಳು ದುಡಿಯಲು ಕರೆಯುತ್ತವೆಯೇ ಹೊರತು ನೆಲೆಸಲು ಅಲ್ಲ. ಇವುಗಳ ಜೊತೆಗೆ ಇಲ್ಲಿಂದ ಸುಮಾರು 260 ಕಿಲೋಮೀಟರ್ ದೂರದ ಬೆಂಗಳೂರು ಇದೆ, ದಾವಣಗೆರೆಯೂ ಇದೆ. ಕೊನೆಯ ಎರಡನ್ನೂ ಹಾಳೆಯಲ್ಲಿ ಬರೆಯಲೇಬೇಕು. ಅವನ್ನು ಬರೆಯದೆ ಮಾಡಿದ ಹೋಲಿಕೆಯಲ್ಲಿ ವಿದೇಶವೇ ಗೆಲ್ಲುತ್ತದೆ, ಏಕೆಂದರೆ ಅದರ ಎದುರು ಯಾರೂ ನಿಂತಿರುವುದಿಲ್ಲ.

ದುಡ್ಡಿನ ಲೆಕ್ಕ

ವಿದೇಶದ ಸಂಬಳವನ್ನು ವಿನಿಮಯ ದರದಿಂದ ಗುಣಿಸಿ ರೂಪಾಯಿಗೆ ತರುವುದು ಎಲ್ಲರೂ ಮಾಡುವ ಮೊದಲ ತಪ್ಪು. ಅಮೆರಿಕದ ಡಾಲರಿಗೆ ಮಾರುಕಟ್ಟೆಯಲ್ಲಿ 80 ರೂಪಾಯಿಗೂ ಮೀರಿದ ಬೆಲೆಯಿದ್ದರೂ, ಎರಡೂ ದೇಶಗಳ ಬೆಲೆಗಳನ್ನು ಹೋಲಿಸಿ ಅರ್ಥಶಾಸ್ತ್ರಜ್ಞರು ಹಾಕುವ ಕೊಳ್ಳುವ ಶಕ್ತಿಯ ಲೆಕ್ಕದಲ್ಲಿ ಅದು 20 ರೂಪಾಯಿಯ ಆಸುಪಾಸಿನಲ್ಲಿದೆ. ಇದು ಸರಾಸರಿ. ಕಾರು, ಮೊಬೈಲುಗಳಂಥವು ಇಲ್ಲಿಗೂ ಅಲ್ಲಿಗೂ ಹೆಚ್ಚು ಅಂತರವಿಲ್ಲದೆ ಸಿಗುತ್ತವೆ. ಮನೆ ಬಾಡಿಗೆ, ಮಗು ನೋಡಿಕೊಳ್ಳುವವರು, ಕೊಳಾಯಿ ರಿಪೇರಿ, ಹೋಟೆಲಿನ ಊಟ ಮುಂತಾಗಿ ಮನುಷ್ಯರ ಶ್ರಮ ಸೇರಿದ್ದೆಲ್ಲವೂ ಅಲ್ಲಿ ಬಹಳ ದುಬಾರಿ. ದಾವಣಗೆರೆಯಲ್ಲಿ ಸ್ವಂತ ಮನೆ ಇರುವವರು ಈ ಹೋಲಿಕೆಯಲ್ಲಿ ಇನ್ನಷ್ಟು ಎಚ್ಚರ ವಹಿಸಬೇಕು: ಇಲ್ಲಿ ಅವರು ಕಟ್ಟದೇ ಇರುವ ಬಾಡಿಗೆ ಯಾವ ಲೆಕ್ಕದಲ್ಲೂ ಕಾಣಿಸದ ಆದಾಯ.

ಹೊರಡುವ ಖರ್ಚನ್ನೂ ಕುಟುಂಬದ ಗಾತ್ರದಿಂದಲೇ ನೋಡಬೇಕು. ಕೆನಡಾದಲ್ಲಿ ಉದ್ಯೋಗ ಕೈಯಲ್ಲಿಲ್ಲದೆ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ಅಂಕಗಳ ಪದ್ಧತಿಯ ಮೂಲಕ ಹೋಗುವ ನಾಲ್ವರ ಕುಟುಂಬ 2025ರ ನಿಯಮದಂತೆ 28,362 ಕೆನಡಾ ಡಾಲರ್ ತೋರಿಸಬೇಕು. ರೂಪಾಯಿಯಲ್ಲಿ ಅದು 17 ಲಕ್ಷ ದಾಟುತ್ತದೆ. ಈ ಹಣವನ್ನು ಯಾರಿಂದಲೂ ಸಾಲ ತಂದು ತೋರಿಸುವಂತಿಲ್ಲ, ನಿವೇಶನ ಅಥವಾ ಮನೆಯ ಬೆಲೆಯನ್ನು ಇದಕ್ಕೆ ಹಿಡಿಯುವುದಿಲ್ಲ. ನಿಟ್ಟುವಳ್ಳಿಯಲ್ಲೊಂದು ಸೈಟಿದೆ ಎಂಬ ಧೈರ್ಯದ ಮೇಲೆ ಅರ್ಜಿ ಹಾಕಿದವರೊಬ್ಬರು ಕೊನೆಯ ತಿಂಗಳಲ್ಲಿ ಅದನ್ನು ಅವಸರಕ್ಕೆ ಮಾರಿ ನಷ್ಟ ಮಾಡಿಕೊಂಡದ್ದನ್ನು ನಾನು ಕಂಡಿದ್ದೇನೆ. ಬ್ರಿಟನ್ನಿನಲ್ಲಿ ಆರೋಗ್ಯ ಸೇವೆಯ ಹೆಚ್ಚುವರಿ ಶುಲ್ಕವೇ 2024ರ ಫೆಬ್ರುವರಿಯಿಂದ ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776 ಪೌಂಡ್ ಆಗಿದೆ. ಗಂಡ, ಹೆಂಡತಿ, ಇಬ್ಬರು ಮಕ್ಕಳಿಗೆ ಐದು ವರ್ಷಕ್ಕೆ ಲೆಕ್ಕ ಹಾಕಿದರೆ 18,110 ಪೌಂಡ್ ಆಗುತ್ತದೆ, ಮತ್ತು ವೀಸಾದ ಅವಧಿಗೆ ತಕ್ಕಂತೆ ಅದನ್ನು ಮುಂಗಡವಾಗಿಯೇ ಕಟ್ಟಬೇಕು. ಉದ್ಯೋಗ ಕೊಡುವವರು ಇದನ್ನು ಭರಿಸುತ್ತಾರೆಯೇ, ಭರಿಸಿದರೆ ನೌಕರನದು ಮಾತ್ರವೇ ಅಥವಾ ಇಡೀ ಕುಟುಂಬದ್ದೇ ಎಂದು ಕೇಳಿ ಬರಹದಲ್ಲಿ ಪಡೆಯಬೇಕು.

ಇನ್ನೊಂದು ಬದಿಯನ್ನೂ ನ್ಯಾಯವಾಗಿ ಹೇಳಬೇಕು. ಕೆನಡಾದಲ್ಲಿ ಮಕ್ಕಳಿಗೆ ಹನ್ನೆರಡನೆಯ ತರಗತಿಯವರೆಗೆ ಸರ್ಕಾರಿ ಶಾಲೆಯಲ್ಲಿ ಶುಲ್ಕವಿಲ್ಲ, ಆ ಶಾಲೆಗಳಿಗೆ ಊರಿನ ಎಲ್ಲ ವರ್ಗದವರ ಮಕ್ಕಳೂ ಹೋಗುತ್ತಾರೆ. ಆದಾಯ ಕಡಿಮೆಯಿರುವ ಮನೆಗೆ ಆರು ವರ್ಷದೊಳಗಿನ ಪ್ರತಿ ಮಗುವಿನ ಲೆಕ್ಕದಲ್ಲಿ ವರ್ಷಕ್ಕೆ ಗರಿಷ್ಠ 8 ಸಾವಿರ ಡಾಲರಿನಷ್ಟು ಸಹಾಯಧನ ಬರುತ್ತದೆ. ಜರ್ಮನಿಯಲ್ಲಿ 2025ರಲ್ಲಿ ಪ್ರತಿ ಮಗುವಿಗೆ ತಿಂಗಳಿಗೆ 255 ಯೂರೊ ಕೊಡುತ್ತಿದ್ದರು. ಇಲ್ಲಿ ಖಾಸಗಿ ಶಾಲೆಗೂ ಟ್ಯೂಷನ್ನಿಗೂ ನಾವು ಕಟ್ಟುವ ಮೊತ್ತವನ್ನು ಇದರ ಎದುರು ಇಟ್ಟು ನೋಡಿದರೆ ಎರಡು ಮಕ್ಕಳ ಕುಟುಂಬಕ್ಕೆ ಏಳನೆಯ ವರ್ಷದ ಚೌಕ ನಿಜವಾಗಿಯೂ ತುಂಬುತ್ತದೆ. ಕೊಲ್ಲಿಯ ಲೆಕ್ಕ ಬೇರೆ: ದುಬೈಯಲ್ಲಿ ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ, ಆದರೆ ಮಕ್ಕಳ ಶಾಲೆ ಖಾಸಗಿಯದೇ ಆಗಬೇಕು, ಕೆಲಸ ಹೋದರೆ ವಾಸದ ಹಕ್ಕೂ ಹೋಗುತ್ತದೆ. ಒಬ್ಬರೇ ಹೋಗಿ ದುಡಿದು ಕಳಿಸುವುದಕ್ಕೂ ಕುಟುಂಬ ಕರೆದುಕೊಂಡು ಹೋಗುವುದಕ್ಕೂ ಅಲ್ಲಿ ಉಳಿತಾಯದಲ್ಲಿ ಅರ್ಧಕ್ಕರ್ಧ ವ್ಯತ್ಯಾಸವಾಗುವುದನ್ನು ನಮ್ಮ ಬಂಧುಗಳಲ್ಲೇ ನೋಡಿದ್ದೇನೆ.

ಜೊತೆಯಲ್ಲಿ ಹೋಗುವವರ ಉದ್ಯೋಗ

ಬಹುಪಾಲು ಮನೆಗಳಲ್ಲಿ ಅರ್ಜಿ ಗಂಡನ ಹೆಸರಿನಲ್ಲಿರುತ್ತದೆ, ಹೆಂಡತಿಯ ಹಾಳೆ ಖಾಲಿ ಇರುತ್ತದೆ. ಅದನ್ನು ಮೊದಲು ತುಂಬಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಕೆಲಸ ಮಾಡಲು ಕಾನೂನು ಬಿಡುತ್ತದೆಯೇ ಎಂಬುದು ಒಂದು. ಕಲಿತ ಕೆಲಸವನ್ನೇ ಮಾಡಲು ಬಿಡುತ್ತದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಕೆನಡಾ, ಆಸ್ಟ್ರೇಲಿಯಾಗಳ ಖಾಯಂ ನಿವಾಸದಲ್ಲಿಯೂ ಜರ್ಮನಿಯ ನೀಲಿ ಕಾರ್ಡಿನಲ್ಲಿಯೂ ಉತ್ತರ ಹೌದು ಎಂದಿದೆ. ಅಮೆರಿಕದಲ್ಲಿ ಎಚ್-1ಬಿ ಎಂಬ ತಾತ್ಕಾಲಿಕ ಉದ್ಯೋಗ ವೀಸಾದಲ್ಲಿರುವ ನೌಕರರ ಸಂಗಾತಿಗೆ 2015ರಿಂದ ಕೆಲಸದ ಅನುಮತಿ ಸಿಗುತ್ತಿದೆಯಾದರೂ, ಅದು ಸಾಮಾನ್ಯವಾಗಿ ನೌಕರರ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ ಮೇಲೆಯೇ.

ಎರಡನೆಯ ಪ್ರಶ್ನೆ ದಾವಣಗೆರೆಯವರಿಗೆ ವಿಶೇಷವಾಗಿ ಕಠಿಣ, ಏಕೆಂದರೆ ನಮ್ಮದು ವೈದ್ಯರು, ದಂತವೈದ್ಯರು, ನರ್ಸುಗಳು ಮತ್ತು ಶಿಕ್ಷಕರನ್ನು ತಯಾರಿಸುವ ಊರು. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಬಂದ ಮೇಲೆ ಎರಡು ದಂತವೈದ್ಯಕೀಯ ಕಾಲೇಜುಗಳೂ ಬಂದವು. ಗಂಡ ಸಾಫ್ಟ್‌ವೇರಿನಲ್ಲಿ, ಹೆಂಡತಿ ದಂತವೈದ್ಯೆ ಎಂಬ ಜೋಡಿಗಳು ಇಲ್ಲಿ ಬೇಕಾದಷ್ಟಿವೆ. ಸಾಫ್ಟ್‌ವೇರಿನವರಿಗೆ ಯಾವ ದೇಶದಲ್ಲೂ ಪರವಾನಗಿ ಬೇಕಿಲ್ಲ. ದಂತವೈದ್ಯರು ಕೆನಡಾದಲ್ಲಾಗಲಿ ಆಸ್ಟ್ರೇಲಿಯಾದಲ್ಲಾಗಲಿ ಹಲವು ಹಂತಗಳ ಪರೀಕ್ಷೆ ಬರೆಯಬೇಕು, ಅದಕ್ಕೆ ವರ್ಷಗಳೂ ಲಕ್ಷಗಳೂ ಬೇಕು. ಜರ್ಮನಿಯಲ್ಲಿ ವೈದ್ಯ ಪರವಾನಗಿಗೆ ವೈದ್ಯಕೀಯ ಜರ್ಮನ್ ಭಾಷೆಯ ಪ್ರೌಢ ಮಟ್ಟದ ಪರೀಕ್ಷೆಯನ್ನೇ ಉತ್ತೀರ್ಣರಾಗಬೇಕು. ಆಯುರ್ವೇದದ ಬಿ.ಎ.ಎಂ.ಎಸ್. ಮತ್ತು ಹೋಮಿಯೋಪಥಿಯ ಬಿ.ಎಚ್.ಎಂ.ಎಸ್. ಓದಿದವರು ಈ ದೇಶಗಳಲ್ಲಿ ಆ ಪದವಿಯ ಬಲದಿಂದ ವೈದ್ಯರಾಗಿ ಕೆಲಸ ಮಾಡಲಾರರು.

ಇಪ್ಪತ್ತು ವರ್ಷ ಪಾಠ ಮಾಡಿದ್ದ ನಾನು ಅಲ್ಲಿ ಮೊದಲ ಚಳಿಗಾಲ ಅಂಗಡಿಯೊಂದರ ಬಿಲ್ ಕೌಂಟರಿನಲ್ಲಿ ನಿಂತೆ. ಆ ಕೆಲಸದಲ್ಲಿ ಅಗೌರವವೇನೂ ಇರಲಿಲ್ಲ, ಸಹೋದ್ಯೋಗಿಗಳು ಒಳ್ಳೆಯವರೇ. ಆದರೆ ಶಿಕ್ಷಕಿಯಾಗಲು ಬೇಕಾದ ಪರವಾನಗಿಗೆ ಇಲ್ಲಿನ ಅಂಕಪಟ್ಟಿಗಳನ್ನು ವಿಶ್ವವಿದ್ಯಾಲಯದಿಂದ ನೇರವಾಗಿ ತರಿಸುವಷ್ಟರಲ್ಲಿ ಒಂದೂವರೆ ವರ್ಷ ಕಳೆಯಿತು, ಅನಂತರ ಓದಬೇಕಾದ ಹೆಚ್ಚುವರಿ ಕೋರ್ಸುಗಳ ಪಟ್ಟಿ ನೋಡಿ ಕೈಬಿಟ್ಟೆ. ಹೊರಡುವ ಮೊದಲು ಇಲ್ಲಿ ಕುಳಿತೇ ಆ ಕೆಲಸ ಮುಗಿಸಬಹುದಿತ್ತು ಎಂಬುದು ಈಗಲೂ ನನ್ನನ್ನು ನೋಯಿಸುತ್ತದೆ. ಯು.ಬಿ.ಡಿ.ಟಿ. ಅಥವಾ ಬಿ.ಐ.ಇ.ಟಿ.ಯಲ್ಲಿ ಓದಿದ ಹಿರಿಯ ಎಂಜಿನಿಯರುಗಳಿಗೆ ಮತ್ತೊಂದು ತೊಡಕಿದೆ: ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯ ಆರಂಭವಾದದ್ದು 1998ರಲ್ಲಿ, ದಾವಣಗೆರೆ ವಿಶ್ವವಿದ್ಯಾಲಯ 2009ರಲ್ಲಿ. ಅದಕ್ಕೂ ಹಿಂದಿನವರು ಪದವಿ ಮೂಲ ದಾಖಲೆಗಾಗಿ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೋ ಮೈಸೂರಿಗೋ ಹೋಗಬೇಕಾಗುತ್ತದೆ. ಅಂಕಪಟ್ಟಿಯ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರಿದೆಯೋ ನೋಡಿ, ಅರ್ಜಿಗೆ ಆರು ತಿಂಗಳು ಮೊದಲೇ ಓಡಾಟ ಆರಂಭಿಸಬೇಕು.

ಮಕ್ಕಳ ವಯಸ್ಸು

ಮಕ್ಕಳ ಭವಿಷ್ಯಕ್ಕಾಗಿ ಹೋಗುತ್ತೇವೆ ಎನ್ನುವವರೇ ಹೆಚ್ಚು. ಆ ಮಾತು ಎಷ್ಟರ ಮಟ್ಟಿಗೆ ನಿಜವಾಗುತ್ತದೆ ಎಂಬುದನ್ನು ದೇಶಕ್ಕಿಂತ ಹೆಚ್ಚಾಗಿ ಮಗು ಹೊರಡುವ ವಯಸ್ಸು ತೀರ್ಮಾನಿಸುತ್ತದೆ ಎಂಬುದು ಶಿಕ್ಷಕಿಯಾಗಿ ನನ್ನ ಖಚಿತ ಅಭಿಪ್ರಾಯ. ಎಂಟು ವರ್ಷದೊಳಗಿನ ಮಗು ಒಂದೆರಡು ವರ್ಷದಲ್ಲಿ ಹೊಸ ಭಾಷೆಯನ್ನು ತನ್ನದಾಗಿಸಿಕೊಳ್ಳುತ್ತದೆ, ಅಷ್ಟೇ ಬೇಗ ಕನ್ನಡದ ಓದುಬರಹವನ್ನು ಬಿಟ್ಟುಕೊಡುತ್ತದೆ. ಹತ್ತರಿಂದ ಹದಿಮೂರರ ನಡುವಿನ ಮಕ್ಕಳು ಎರಡನ್ನೂ ಉಳಿಸಿಕೊಳ್ಳಬಲ್ಲರು, ಆದರೆ ಮೊದಲ ವರ್ಷ ಒಂಟಿಯಾಗಿರುತ್ತಾರೆ. ನನ್ನ ಮಗ ಸುಮಾರು ಎಂಟು ತಿಂಗಳು ಶಾಲೆಯ ಊಟದ ಡಬ್ಬಿಯನ್ನು ಮನೆಗೆ ಬಂದು ತೆರೆಯುತ್ತಿದ್ದ. ಒಂಬತ್ತನೆಯ ತರಗತಿಯ ನಂತರ ಹೊರಡುವುದನ್ನು ನಾನು ಬೇಡವೆನ್ನುತ್ತೇನೆ. ಆ ಮಗು ಹತ್ತನೆಯ ತರಗತಿಯ ಪರೀಕ್ಷೆ, ಗೆಳೆಯರು ಮತ್ತು ತನ್ನ ಬುದ್ಧಿವಂತಿಕೆಯ ಬಗ್ಗೆ ಊರಲ್ಲಿ ಗಳಿಸಿದ್ದ ಹೆಸರು ಎಲ್ಲವನ್ನೂ ಒಟ್ಟಿಗೆ ಕಳೆದುಕೊಳ್ಳುತ್ತದೆ.

ಜರ್ಮನಿಗೆ ಹೋಗುವವರು ತಿಳಿಯಬೇಕಾದ ಒಂದು ಸಂಗತಿಯನ್ನು ನೌಕರಿ ಕೊಡಿಸುವವರು ಹೇಳುವುದಿಲ್ಲ. ಅಲ್ಲಿನ ಬಹುತೇಕ ರಾಜ್ಯಗಳಲ್ಲಿ ನಾಲ್ಕನೆಯ ತರಗತಿ ಮುಗಿದೊಡನೆಯೇ, ಅಂದರೆ ಹತ್ತು ವರ್ಷದ ಸುಮಾರಿಗೆ, ವಿಶ್ವವಿದ್ಯಾಲಯದ ಹಾದಿಯ ಶಾಲೆಗೆ ಹೋಗುವವರು ಯಾರು, ಕಸುಬಿನ ಹಾದಿಯ ಶಾಲೆಗೆ ಹೋಗುವವರು ಯಾರು ಎಂದು ಮಕ್ಕಳನ್ನು ಬೇರ್ಪಡಿಸುತ್ತಾರೆ; ಬರ್ಲಿನ್ ಮತ್ತು ಬ್ರಾಂಡೆನ್‌ಬುರ್ಗ್‌ಗಳಲ್ಲಿ ಇದು ಆರನೆಯ ತರಗತಿಯ ನಂತರ. ಒಂಬತ್ತು ವರ್ಷದ, ಜರ್ಮನ್ ಬಾರದ ಜಾಣ ಮಗುವಿಗೆ ಇದಕ್ಕಿಂತ ಕೆಟ್ಟ ಹೊತ್ತು ಮತ್ತೊಂದಿಲ್ಲ. ಐದರಲ್ಲಿ ಹೋದ ಮಗುವಿಗೆ ಅದೇ ವ್ಯವಸ್ಥೆ ಯಾವ ತೊಂದರೆಯನ್ನೂ ಕೊಡದಿರಬಹುದು. ಅಮೆರಿಕದಲ್ಲಿ ಗಡುವು ಇನ್ನೊಂದು ತುದಿಯಲ್ಲಿದೆ. ಉದ್ಯೋಗ ಆಧಾರಿತ ಗ್ರೀನ್ ಕಾರ್ಡುಗಳಲ್ಲಿ ಯಾವುದೇ ಒಂದು ದೇಶದವರಿಗೆ ವರ್ಷಕ್ಕೆ ಸುಮಾರು ಶೇ. 7ರ ಮಿತಿಯಿರುವುದರಿಂದ ಸಾಲು ಮುಂದೆ ಸಾಗುವುದಿಲ್ಲ, ಮಗುವಿಗೆ 21 ತುಂಬಿದಾಗ ತಂದೆಯ ವೀಸಾದ ಆಸರೆ ತಪ್ಪುತ್ತದೆ. ಅದಲ್ಲದೆ 2025ರ ಸೆಪ್ಟೆಂಬರಿನ ಘೋಷಣೆಯಿಂದ ಹೊರದೇಶದಲ್ಲಿರುವವರಿಗಾಗಿ ಸಲ್ಲಿಸುವ ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ವಿಧಿಸಲಾಗಿರುವುದರಿಂದ, ದಾವಣಗೆರೆಯಿಂದ ಹೊಸದಾಗಿ ಹೊರಡುವ ಕುಟುಂಬಕ್ಕೆ ಆ ಹಾದಿಯನ್ನು ನಾನು ಈಗ ಆಯ್ಕೆಯೆಂದೇ ಎಣಿಸುವುದಿಲ್ಲ.

ಹಿಂದಿರುಗುವ ಗಡುವನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಕರ್ನಾಟಕದ ಸಿಇಟಿಯಲ್ಲಿ ಸರ್ಕಾರಿ ಸೀಟಿಗೆ ಅರ್ಹತೆ ಪಡೆಯಲು ಇರುವ ಮುಖ್ಯ ನಿಯಮವೆಂದರೆ, ಒಂದರಿಂದ ದ್ವಿತೀಯ ಪಿಯುಸಿಯವರೆಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು. ಶಾಲೆ ಸೇರುವ ಮೊದಲೇ ಹೊರಟ ಮಗು ಆರನೆಯ ತರಗತಿಗೆ ಬಂದು ಸೇರಿದರೆ ಪಿಯುಸಿ ಮುಗಿಯುವಷ್ಟರಲ್ಲಿ ಸರಿಯಾಗಿ ಏಳು ವರ್ಷವಾಗುತ್ತದೆ, ಏಳನೆಯದಕ್ಕೆ ಬಂದರೆ ಆರೇ ವರ್ಷ. ನನ್ನ ಮಗಳು ಐದನೆಯ ತರಗತಿಗೆ ಬಂದದ್ದು ನಮ್ಮ ದೂರದೃಷ್ಟಿಯಿಂದಲ್ಲ, ಅತ್ತೆಯವರ ಕಾಯಿಲೆಯಿಂದ. ತಂದೆ ಅಥವಾ ತಾಯಿ ಕರ್ನಾಟಕದಲ್ಲಿ ಏಳು ವರ್ಷ ಓದಿದ್ದು, ಮಗು ಎರಡೂ ವರ್ಷದ ಪಿಯುಸಿಯನ್ನು ಇಲ್ಲಿಯೇ ಮುಗಿಸಿದರೆ ಅನ್ವಯಿಸುವ ಬೇರೊಂದು ಉಪನಿಯಮವೂ ಇದೆ, ಆಯಾ ವರ್ಷದ ಕೈಪಿಡಿಯಲ್ಲಿ ಅದನ್ನು ಓದಿಕೊಳ್ಳಬೇಕು. ಮಗುವಿಗೆ ವಿದೇಶಿ ಪೌರತ್ವ ಮಾಡಿಸಿ, ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಒಸಿಐ ಕಾರ್ಡಿನ ಮೇಲೆ ಕರೆತರುವವರು 2021ರ ಮಾರ್ಚ್ 4ರ ಕೇಂದ್ರದ ಅಧಿಸೂಚನೆಯನ್ನು ನೆನಪಿಡಬೇಕು. ಅದರಂತೆ ನೀಟ್, ಜೆಇಇ ಮೊದಲಾದ ಪ್ರವೇಶಗಳಲ್ಲಿ ಒಸಿಐ ಮಕ್ಕಳನ್ನು ಅನಿವಾಸಿಗಳ ಸಾಲಿನಲ್ಲಿ ನಿಲ್ಲಿಸಲಾಗಿದೆ, ಭಾರತೀಯ ಪ್ರಜೆಗಳಿಗೇ ಮೀಸಲಾದ ಸೀಟು ಅವರಿಗೆ ಸಿಗುವುದಿಲ್ಲ. ಪೌರತ್ವ ಅಷ್ಟು ಬೇಗ ಬೇಕೇ ಎಂದು ಯೋಚಿಸಲು ಇದೊಂದೇ ಕಾರಣ ಸಾಕು.

ಊರಲ್ಲಿ ಉಳಿಯುವವರು

ಅತ್ತೆಯವರು ಸ್ನಾನದ ಮನೆಯಲ್ಲಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡದ್ದು ಒಂದು ಮಂಗಳವಾರ ಬೆಳಿಗ್ಗೆ. ಪಕ್ಕದ ಮನೆಯವರೇ ಆಸ್ಪತ್ರೆಗೆ ಸೇರಿಸಿ ಸಹಿ ಹಾಕಿದರು. ಸುದ್ದಿ ತಿಳಿದು, ಟಿಕೆಟ್ ಸಿಕ್ಕಿ, ಬೆಂಗಳೂರಿನಲ್ಲಿಳಿದು, ಅಲ್ಲಿಂದ ಕಾರಿನಲ್ಲಿ ದಾವಣಗೆರೆ ತಲುಪುವಷ್ಟರಲ್ಲಿ ಶುಕ್ರವಾರವಾಗಿತ್ತು, ಶಸ್ತ್ರಚಿಕಿತ್ಸೆ ಮುಗಿದಿತ್ತು. "ಬರಬೇಕಿರಲಿಲ್ಲ ಕಣವ್ವ, ಮಕ್ಕಳ ಶಾಲೆ ಹಾಳಾಯಿತು" ಎಂದು ಅವರು ಹೇಳಿದ ಮಾತು ನಮ್ಮ ಹಾಳೆಗಳನ್ನೆಲ್ಲ ಮತ್ತೆ ಬರೆಯಿಸಿತು.

ಹಿರಿಯರನ್ನು ಕರೆಸಿಕೊಳ್ಳುವ ಅವಕಾಶದಲ್ಲಿ ದೇಶ ದೇಶಗಳಿಗೆ ದೊಡ್ಡ ಅಂತರವಿದೆ. ಕೆನಡಾದಲ್ಲಿ ತಂದೆ ತಾಯಿಯರ ಖಾಯಂ ನಿವಾಸಕ್ಕೆ 2020ರಲ್ಲಿ ಆಸಕ್ತಿ ಅರ್ಜಿ ಹಾಕಿದವರ ಪಟ್ಟಿಯಿಂದಲೇ ಮುಂದಿನ ವರ್ಷಗಳಲ್ಲೂ ಆಹ್ವಾನ ಕೊಡುತ್ತ ಬಂದಿದ್ದಾರೆ, ಹೊಸಬರಿಗೆ ಅದು ಮುಚ್ಚಿದಂತೆಯೇ. ಆದರೆ ಸೂಪರ್ ವೀಸಾ ಎಂಬುದಿದೆ: ಒಮ್ಮೆ ಬಂದರೆ ಐದು ವರ್ಷದವರೆಗೆ ಇರಬಹುದು, ಅದಕ್ಕೆ ಕನಿಷ್ಠ 1 ಲಕ್ಷ ಡಾಲರಿನ ಆರೋಗ್ಯ ವಿಮೆ ಬೇಕು, ಮಗ ಅಥವಾ ಮಗಳ ಆದಾಯ ನಿಗದಿತ ಮಟ್ಟ ಮುಟ್ಟಿರಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವ ಎಪ್ಪತ್ತರ ಹಿರಿಯರಿಗೆ ಆ ವಿಮೆಯ ಕಂತನ್ನು ಕೇಳಿಕೊಂಡು ಬರೆದುಕೊಳ್ಳದ ಹೊರತು ಈ ಹಾಳೆ ತುಂಬಿದಂತಾಗುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಶುಲ್ಕ ಕಟ್ಟಿ ಬೇಗ ಪಡೆಯುವ ಪೋಷಕರ ವೀಸಾಕ್ಕೇ ತಲಾ 40 ಸಾವಿರ ಡಾಲರಿಗೂ ಮೀರಿ ಕಟ್ಟಬೇಕು, ಕಟ್ಟಿಯೂ ಹಲವು ವರ್ಷ ಕಾಯಬೇಕು. ಕೊಲ್ಲಿಯಲ್ಲಿ ಸಂಬಳ ಚೆನ್ನಾಗಿದ್ದರೆ ಕರೆಸಿಕೊಳ್ಳಬಹುದು, ವಿಮಾನದ ಪ್ರಯಾಣವೂ ನಾಲ್ಕು ಗಂಟೆಯ ಆಸುಪಾಸಿನದು. ಒಂಟಿ ಮಗನಿಗೆ ಇದು ಸಣ್ಣ ಅನುಕೂಲವಲ್ಲ. ಬೆಂಗಳೂರಿನಿಂದಾದರೆ ರೈಲಿನಲ್ಲಿ ನಾಲ್ಕೈದು ಗಂಟೆಯಲ್ಲಿ ಮಗ ಆಸ್ಪತ್ರೆಯ ಬಾಗಿಲಲ್ಲಿ ನಿಂತಿರುತ್ತಾನೆ. ಇಷ್ಟಾಗಿಯೂ ಹಿರಿಯರು ಬರಲೊಪ್ಪುತ್ತಾರೆಯೇ ಎಂದು ಅವರನ್ನೇ, ಮಕ್ಕಳಿಲ್ಲದ ಹೊತ್ತಿನಲ್ಲಿ, ನಿಧಾನವಾಗಿ ಕೇಳಬೇಕು. ಬೆಳಿಗ್ಗೆ ಕುಂದವಾಡ ಕೆರೆಯ ದಂಡೆಯಲ್ಲಿ ನಾಲ್ಕು ಜನರೊಡನೆ ನಡೆಯುವವರು ಹಿಮ ಬಿದ್ದ ಬೀದಿಯಲ್ಲಿ ಐದು ತಿಂಗಳು ಮನೆಯೊಳಗೇ ಕೂರುವುದು ಎಂಥದೆಂದು ನಾನು ಇತರ ಕುಟುಂಬಗಳಲ್ಲಿ ಕಣ್ಣಾರೆ ನೋಡಿದ್ದೇನೆ.

ಜಮೀನು ಮತ್ತು ಪೌರತ್ವ

ಚನ್ನಗಿರಿ, ಹೊನ್ನಾಳಿ, ಹೊಳಲ್ಕೆರೆ ಕಡೆಯ ಅಡಿಕೆ ತೋಟದ ಮನೆತನಗಳಿಗೆ ಈ ಹಾಳೆ ಪ್ರತ್ಯೇಕವಾಗಿಯೇ ಬೇಕು. ಭಾರತದ ಕಾನೂನು ಎರಡು ಪೌರತ್ವವನ್ನು ಒಪ್ಪುವುದಿಲ್ಲ. ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ದಿನವೇ ಭಾರತದ್ದು ಹೋಗುತ್ತದೆ. ವಿದೇಶದಲ್ಲಿ ನೆಲೆಸಿದ ಭಾರತೀಯರೂ ಒಸಿಐ ಕಾರ್ಡಿನವರೂ ಇಲ್ಲಿ ಮನೆ, ಅಂಗಡಿ ಕೊಳ್ಳಬಹುದು, ಕೃಷಿ ಜಮೀನು ಮತ್ತು ತೋಟವನ್ನು ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು, ಮಾರುವುದಾದರೆ ಭಾರತದಲ್ಲೇ ವಾಸಿಸುವ ಭಾರತೀಯ ಪ್ರಜೆಗೆ ಮಾರಬೇಕು. 2020ರಲ್ಲಿ ಕರ್ನಾಟಕದ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ ಕೃಷಿಕರಲ್ಲದವರೂ ಜಮೀನು ಕೊಳ್ಳುವಂತಾದ ಮೇಲೆ ಈ ನಿರ್ಬಂಧವೂ ಹೋಯಿತೆಂದು ಹಲವರು ತಿಳಿದಿದ್ದಾರೆ. ಅದು ರಾಜ್ಯದ ಕಾನೂನು. ಅನಿವಾಸಿಗಳ ಮೇಲಿನ ನಿರ್ಬಂಧ ಕೇಂದ್ರದ ವಿದೇಶಿ ವಿನಿಮಯ ಕಾನೂನಿನದು, ಅದು ಹಾಗೆಯೇ ಇದೆ. ಆದ್ದರಿಂದ ಹೊರದೇಶದಲ್ಲಿ ದುಡಿದು ಬಂದು ಪಕ್ಕದ ಎರಡು ಎಕರೆ ಸೇರಿಸಿಕೊಳ್ಳುತ್ತೇನೆ ಎಂಬ ಯೋಜನೆಯುಳ್ಳವರು ಕೊಳ್ಳುವುದನ್ನು ಇಲ್ಲಿ ನಿವಾಸಿಗಳಾಗಿರುವಾಗಲೇ ಕೊಳ್ಳಬೇಕು, ಅಥವಾ ಹಿಂದಿರುಗಿ ನೆಲೆಸಿದ ಮೇಲೆ ಭಾರತೀಯ ಪ್ರಜೆಯಾಗಿಯೇ ಉಳಿದಿದ್ದರೆ ಕೊಳ್ಳಬೇಕು. ನಾವು ಕೆನಡಾದಲ್ಲಿ ಐದು ವರ್ಷಗಳೊಳಗೆ ಪೌರತ್ವಕ್ಕೆ ಬೇಕಾದ 1,095 ದಿನ ಮುಗಿಸಿದ್ದರೂ ಅರ್ಜಿ ಹಾಕದಿದ್ದುದಕ್ಕೆ ಮಾವನವರ ಹೆಸರಿನಲ್ಲಿದ್ದ ಮೂರು ಎಕರೆ ತೋಟವೂ ಒಂದು ಕಾರಣ.

ತೋಟ ನೋಡಿಕೊಳ್ಳುವವರು ಯಾರು ಎಂಬುದನ್ನು ಬಾಯಿಮಾತಿನಲ್ಲಿ ಬಿಡಬಾರದು. ವರ್ಷ ವರ್ಷವೂ ಚೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಕೊಡುವುದಾದರೆ ಕಾಗದ ಮಾಡಿಕೊಳ್ಳಬೇಕು, ಅಣ್ಣತಮ್ಮಂದಿರ ನಡುವೆ ಪೌತಿ ಖಾತೆ ಬಾಕಿಯಿದ್ದರೆ ಹೊರಡುವ ಮುನ್ನವೇ ಮುಗಿಸಬೇಕು. ಅನಿವಾಸಿಗಳಿಗೆ ಪಿಎಂ ಕಿಸಾನ್ ಹಣ ಪಡೆಯಲು ಅವಕಾಶವಿಲ್ಲ, ಬ್ಯಾಂಕಿನ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಎಂಬ ಅನಿವಾಸಿಗಳ ಖಾತೆಯಾಗಿ ಬದಲಿಸಬೇಕು.

ವಯಸ್ಸು, ಅಂಕ, ಏಜೆಂಟರು

ಈ ಭಾಗವನ್ನು ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ನಿಯಮಗಳು ಬದಲಾಗುತ್ತಲೇ ಇರುತ್ತವೆ. ಕೆನಡಾ ವಯಸ್ಸಿಗೆ ಕೊಡುವ ಅಂಕ 20ರಿಂದ 29ರವರೆಗೆ ಪೂರ್ತಿ, ಅಲ್ಲಿಂದ ಇಳಿಯುತ್ತ 45ಕ್ಕೆ ಸೊನ್ನೆ. ಆಸ್ಟ್ರೇಲಿಯಾದಲ್ಲಿ 25ರಿಂದ 32 ಅತ್ಯುತ್ತಮ ವಯಸ್ಸು, 45 ತುಂಬಿದವರಿಗೆ ಸಾಮಾನ್ಯವಾಗಿ ಬಾಗಿಲೇ ಇಲ್ಲ. ಕೆನಡಾ 2024ರ ಅಕ್ಟೋಬರಿನಲ್ಲಿ 2025ಕ್ಕೆ ಇಟ್ಟುಕೊಂಡಿದ್ದ 5 ಲಕ್ಷದ ಗುರಿಯನ್ನು 3,95,000ಕ್ಕೆ ಇಳಿಸಿತು, 2025ರ ಮಾರ್ಚಿನಲ್ಲಿ ಉದ್ಯೋಗದ ಆಹ್ವಾನಕ್ಕೆ ಕೊಡುತ್ತಿದ್ದ ಹೆಚ್ಚುವರಿ ಅಂಕಗಳನ್ನೂ ತೆಗೆಯಿತು. ಮೂರು ವರ್ಷದ ಹಿಂದೆ ಹೋದವರ ಅನುಭವವನ್ನು ಇಂದಿನ ದಾರಿಯೆಂದು ನಂಬಬಾರದು, ನನ್ನದನ್ನೂ ಸೇರಿಸಿ.

ಯಾವ ಏಜೆಂಟರೂ ವೀಸಾದ ಭರವಸೆ ಕೊಡಲಾರರು. ನಮಗೆ ಒಬ್ಬರು ಬರಹದಲ್ಲಿ ಏನನ್ನೂ ಕೊಡದೆ ಭರವಸೆ ಕೊಟ್ಟು ಹಣ ಪಡೆದು, ನಾವೇ ಮಾಡಬಹುದಾಗಿದ್ದ ಅರ್ಜಿಯನ್ನು ತಪ್ಪಾಗಿ ತುಂಬಿದ್ದರು, ನಾಲ್ಕು ತಿಂಗಳು ಹಾಳಾಯಿತು. ಕೊಲ್ಲಿಗೆ ಹೋಗುವವರು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ಏಜೆಂಟರ ನೋಂದಣಿ ಸಂಖ್ಯೆಯನ್ನು ನೋಡಿಕೊಳ್ಳಬೇಕು. ಅವರು ಕಾರ್ಮಿಕರಿಂದ ಪಡೆಯಬಹುದಾದ ಸೇವಾ ಶುಲ್ಕ ಜಿಎಸ್‌ಟಿ ಬಿಟ್ಟು 30 ಸಾವಿರ ರೂಪಾಯಿ ಮೀರುವಂತಿಲ್ಲ. ಹತ್ತನೆಯ ತರಗತಿ ಮುಗಿಸದವರ ಪಾಸ್‌ಪೋರ್ಟಿಗೆ 18 ದೇಶಗಳಿಗೆ ಉದ್ಯೋಗಕ್ಕೆ ಹೋಗಲು ವಲಸೆ ಅನುಮತಿ ಬೇಕಾಗುತ್ತದೆ. ಹರಿಹರ, ಚಳ್ಳಕೆರೆ ಕಡೆಯಿಂದ ಚಾಲಕರಾಗಿ, ಗಾರೆ ಕೆಲಸಕ್ಕೆ ಹೋಗುವವರಿಗೆ ಕುಟುಂಬ ಕರೆದೊಯ್ಯುವ ಮಾತೇ ಬಾರದಿರುವುದರಿಂದ, ಅವರ ಹೋಲಿಕೆ ಬೇರೆಯೇ ಆದೀತು.

ನಾನು ಯಾರಿಗೆ ಏನು ಹೇಳುತ್ತೇನೆ

ಇಬ್ಬರೂ ಮೂವತ್ತರ ಆಸುಪಾಸಿನವರು, ಇಬ್ಬರ ಕೆಲಸಕ್ಕೂ ಪರವಾನಗಿ ಬೇಡ, ಮಗುವಿಗೆ ಐದು ವರ್ಷ, ಊರಲ್ಲಿ ಹಿರಿಯರ ಜೊತೆ ಇನ್ನೊಬ್ಬ ಮಗನೋ ಮಗಳೋ ಇದ್ದಾರೆ ಎಂಬಂಥ ಕುಟುಂಬಕ್ಕೆ ನಾನು ಆಸ್ಟ್ರೇಲಿಯಾ, ಕೆನಡಾ ಅಥವಾ ಭಾಷೆ ಕಲಿಯುವ ಮನಸ್ಸಿದ್ದರೆ ಜರ್ಮನಿಯನ್ನು ನಿಸ್ಸಂಕೋಚವಾಗಿ ಹೇಳುತ್ತೇನೆ. ಆ ಮನೆಯಲ್ಲಿ ಯಾರ ಹಾಳೆಯೂ ಬರಿದಾಗುವುದಿಲ್ಲ. ಹೆಂಡತಿ ದಂತವೈದ್ಯೆಯೋ ನರ್ಸೋ ಆಗಿದ್ದರೆ, ಅರ್ಜಿಯಲ್ಲಿ ಆಕೆಯನ್ನೇ ಮುಖ್ಯ ಅರ್ಜಿದಾರಳನ್ನಾಗಿಸಿ ಆಕೆಯ ಪರವಾನಗಿಯ ಪರೀಕ್ಷೆ ಮುಗಿಯುವವರೆಗೆ ಕಾಯಲು ಸಾಧ್ಯವೇ ಎಂದು ಕೇಳುತ್ತೇನೆ. ಮಗು ಒಂಬತ್ತನೆಯ ತರಗತಿ ದಾಟಿದ್ದರೆ ಕುಟುಂಬ ಇಲ್ಲಿಯೇ ಇರಲಿ, ಪದವಿಗೋ ಉನ್ನತ ಪದವಿಗೋ ಮಗು ತಾನೇ ಹೋಗಲಿ ಎನ್ನುತ್ತೇನೆ. ತೋಟವಿರುವ ಒಬ್ಬನೇ ಮಗನಿಗೆ ಬೆಂಗಳೂರನ್ನು, ಸಾಲ ತೀರಿಸಬೇಕಾದ ತುರ್ತಿದ್ದರೆ ಕೊಲ್ಲಿಯ ಐದು ವರ್ಷವನ್ನು ಹೇಳುತ್ತೇನೆ. ಅಲ್ಲಿ ಸಿಬಿಎಸ್‌ಇ ಶಾಲೆಗಳಿರುವುದರಿಂದ ಮಕ್ಕಳು ಹಿಂದಿರುಗಿ ಸೇರಿಕೊಳ್ಳುವುದು ಸುಲಭ. ಇಲ್ಲಿ ಮಂಡಿಪೇಟೆಯಲ್ಲೋ ಅಶೋಕ ರಸ್ತೆಯಲ್ಲೋ ನಡೆಯುತ್ತಿರುವ ವ್ಯಾಪಾರವನ್ನು ಮುಚ್ಚಿ ಹೋಗುತ್ತೇವೆ ಎನ್ನುವವರನ್ನು ಮಾತ್ರ ನಾನು ಬಹಳ ಹೊತ್ತು ಕೂರಿಸಿಕೊಂಡು ಮಾತಾಡುತ್ತೇನೆ, ಏಕೆಂದರೆ ನಲವತ್ತರ ವಯಸ್ಸಿನಲ್ಲಿ ಮಾಲೀಕರಾಗಿದ್ದವರು ಕೂಲಿಯ ಕೆಲಸದಿಂದ ಆರಂಭಿಸುವಾಗ ಮನಸ್ಸಿಗೆ ಬೀಳುವ ಪೆಟ್ಟನ್ನು ಯಾವ ಸಂಬಳವೂ ತುಂಬಿದ್ದನ್ನು ನಾನು ಕಂಡಿಲ್ಲ.

ಹೊರಡುವುದೆಂದು ತೀರ್ಮಾನವಾದರೆ ಹಿಂದಿರುಗುವ ದಾರಿಯನ್ನೂ ಅದೇ ದಿನ ಬರೆದಿಡಬೇಕು. ಮನೆಯನ್ನು ಮೊದಲ ಮೂರು ವರ್ಷ ಮಾರದೆ ಬಾಡಿಗೆಗೆ ಕೊಡಿ. ಕೆನಡಾದ ಖಾಯಂ ನಿವಾಸ ಉಳಿಯಲು ಪ್ರತಿ ಐದು ವರ್ಷದಲ್ಲಿ 730 ದಿನ ಅಲ್ಲಿರಬೇಕು, ಹಾಗಾಗಿ ಮಧ್ಯದಲ್ಲಿ ಒಂದೆರಡು ವರ್ಷ ಊರಿಗೆ ಬಂದಿದ್ದು ನೋಡಲು ಅವಕಾಶವಿದೆ ಎಂಬುದನ್ನು ತಿಳಿದಿರಿ. ಹಿರಿಯರ ಆಸ್ಪತ್ರೆಯ ಕಾಗದಗಳಿಗೆ ಸಹಿ ಹಾಕಬಲ್ಲ ಬಂಧುವೊಬ್ಬರನ್ನು ಮೊದಲೇ ಒಪ್ಪಿಸಿ, ಅವರ ಕೈಯಲ್ಲಿ ಸ್ವಲ್ಪ ಹಣವನ್ನೂ ಇಟ್ಟು ಹೋಗಿ. ಮಕ್ಕಳ ವರ್ಗಾವಣೆ ಪತ್ರ ಮತ್ತು ಓದಿದ ವರ್ಷಗಳ ವ್ಯಾಸಂಗ ಪ್ರಮಾಣಪತ್ರಗಳನ್ನು ಶಾಲೆಯಿಂದ ಪಡೆದು ಇಲ್ಲೊಂದು ಪ್ರತಿ ಇಡಿ. ಆರು ವರ್ಷದ ಮೇಲೆ ಬಂದು ಕೇಳಿದಾಗ ನನ್ನ ಮಗ ಓದಿದ್ದ ಶಾಲೆಯಲ್ಲಿ ಹಳೆಯ ದಾಖಲೆ ಪುಸ್ತಕ ಹುಡುಕಿಸುವುದಕ್ಕೆ ನಾಲ್ಕು ಬಾರಿ ಹೋಗಬೇಕಾಯಿತು.